ನೂರೈವತ್ತು ಗಜ

ಬೆಳಿಗ್ಗೆ ಏಳು ನಲವತ್ತಕ್ಕೆ ಮುನಿಕೃಷ್ಣನ ಮೂರನೇ ಚೆಂಡೂ ನೀರಿಗೆ ಬಿತ್ತು.

ಅತ್ತಿಬೆಲೆ ಹತ್ತಿರದ ಗಾಲ್ಫ್ ಕ್ಲಬ್ಬೊಂದರ ನಾಲ್ಕನೇ ಹೋಲ್ ಅದು. ಹೊಡೆಯುವ ಜಾಗದಿಂದ ಕುಳಿಯ ಬಾವುಟಕ್ಕೆ ನೂರ ನಲವತ್ತು ಗಜ, ನಡುವೆ ಕೊಳ. ಕೊಳ ದಾಟಬೇಕೆಂದರೆ ಚೆಂಡು ಗಾಳಿಯಲ್ಲೇ ನೂರ ಮೂವತ್ತು ಗಜ ಹೋಗಬೇಕು. ಮುನಿಕೃಷ್ಣನ ಕೈಯಲ್ಲಿದ್ದದ್ದು ಸೆವೆನ್ ಐರನ್. ಆ ಕೋಲಿನಿಂದ ತಾನು ಹೊಡೆದ ಚೆಂಡು ನೂರೈವತ್ತು ಗಜ ಹಾರುತ್ತದೆ ಎಂಬುದು ಅವನಿಗೆ ತನ್ನ ಫೋನ್ ನಂಬರಿನಷ್ಟೇ ಖಚಿತವಾಗಿ ಗೊತ್ತಿತ್ತು.

ಮೊದಲನೆಯದು ಬಿದ್ದಾಗ ಎದುರುಗಾಳಿ ಇರಬೇಕು ಅಂದುಕೊಂಡ. ಎರಡನೆಯದು ಬಿದ್ದಾಗ ಕೈ ಬೆವರಿದೆ ಎಂದು ಅಂಗೈ ಒರೆಸಿಕೊಂಡ. ಮೂರನೆಯದು ಕೋಲಿನ ನಡುಮಧ್ಯಕ್ಕೆ ಸಿಕ್ಕಿತು. ಇಷ್ಟು ಸೊಗಸಾಗಿ ಬೆಳಗಿನಿಂದ ಒಂದೂ ಸಿಕ್ಕಿರಲಿಲ್ಲ. ಚೆಂಡು ನೆಟ್ಟಗೆ ಬಾವುಟದ ಕಡೆಗೇ ಹೋಗಿ, ಆಚೆ ದಡಕ್ಕೆ ನಾಲ್ಕೈದು ಗಜ ಉಳಿದಿರುವಾಗ ತಣ್ಣಗೆ ಮುಳುಗಿತು. ಕೆಟ್ಟ ಹೊಡೆತವಾಗಿದ್ದರೆ ಸಮಾಧಾನ ಮಾಡಿಕೊಳ್ಳಬಹುದಿತ್ತು. ಇದು ಒಳ್ಳೆಯ ಹೊಡೆತ.

ಅಂದು ಅವನಿಗೆ ಕ್ಲಬ್ಬಿನ ಸದಸ್ಯತ್ವದ ಆಟದ ಪರೀಕ್ಷೆ. ಒಂಬತ್ತು ಹೋಲ್‌ಗಳನ್ನು ಐವತ್ನಾಲ್ಕು ಹೊಡೆತಗಳ ಒಳಗೆ ಮುಗಿಸಬೇಕು. ಲೆಕ್ಕ ಇಡಲು ಜೊತೆಯಲ್ಲಿ ಶ್ಯಾಮಲಾ ಎಂಬ ಹಿರಿಯ ಸದಸ್ಯೆ ನಡೆಯುತ್ತಿದ್ದರು. ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ವಿನ್ಯಾಸ ವಿಭಾಗದಲ್ಲಿದ್ದು ನಿವೃತ್ತರಾದವರು. ಪರೀಕ್ಷೆ ನಡೆಯುವಾಗ ಸಲಹೆ ಕೊಡಬಾರದು ಎಂಬ ನಿಯಮವಿದ್ದುದರಿಂದ ಅವರು ಮೂರು ಚೆಂಡು ಮುಳುಗಿದರೂ ತುಟಿ ಬಿಚ್ಚಲಿಲ್ಲ. ನಾಲ್ಕನೆಯದನ್ನು ಮುನಿಕೃಷ್ಣ ದೊಡ್ಡ ಕೋಲಿನಿಂದ ಸಿಟ್ಟಿನಲ್ಲಿ ಬೀಸಿ ಹೇಗೋ ದಾಟಿಸಿದ. ನೀರಿಗೆ ಬಿದ್ದದ್ದರ ದಂಡವೂ ಸೇರಿ ಆ ಒಂದು ಹೋಲ್‌ಗೇ ಒಂಬತ್ತು ಹೊಡೆತ ಹೋದವು. ಉಳಿದ ಹೋಲ್‌ಗಳಲ್ಲೂ ಕಥೆ ಅದೇ. ಪ್ರತಿ ಚೆಂಡೂ ಬಾವುಟಕ್ಕೆ ಇಪ್ಪತ್ತು ಗಜ ಈಚೆಗೇ, ಉಸಿರು ಕಟ್ಟಿದಂತೆ ಬೀಳುತ್ತಿತ್ತು. ಒಟ್ಟು ಅರವತ್ತಾರಾಯಿತು.

“ನಿಮ್ ಸೆವೆನ್ ಐರನ್ ಎಷ್ಟ್ ಹೋಗುತ್ತೆ?” ಎಲ್ಲ ಮುಗಿದು ಕ್ಯಾಂಟೀನಿನ ಮುಂದೆ ಕೂತಾಗ ಶ್ಯಾಮಲಾ ಕೇಳಿದರು.

“ನೂರೈವತ್ತು ಮೇಡಂ.”

“ಎಲ್ಲಿ?”

“ಎಲ್ಲಿ ಅಂದ್ರೆ?”

“ಎಲ್ಲಿ ಅಳೆದ್ರಿ ಅಂತ.”

“ಮಷೀನ್‌ನಲ್ಲಿ. ಲಾಂಚ್ ಮಾನಿಟರ್. ನಮ್ ಷೆಡ್‌ನಲ್ಲೇ ಇದೆ, ದಿನಾ ಹೊಡೀತೀನಿ.”

ಶ್ಯಾಮಲಾ ಕಾಫಿಯನ್ನು ಒಂದು ಗುಟುಕು ಕುಡಿದರು. “ಇವತ್ತು ಒಂದೂ ನೂರ ಇಪ್ಪತ್ತೈದು ದಾಟಲಿಲ್ಲ. ನಿಮ್ ಗುರಿ ಚೆನ್ನಾಗಿದೆ, ಸುಳ್ಳು ಹೇಳಲ್ಲ. ದೂರವೇ ಗೊತ್ತಿಲ್ಲ ನಿಮಗೆ. ನಾಲ್ಕು ತಿಂಗಳು ಬಿಟ್ಟು ಮತ್ತೆ ಬರಬಹುದು. ಆ ಮಷೀನ್ ಮೊದ್ಲು ಯಾರಿಗಾದ್ರೂ ತೋರಿಸಿ.”

ಮುನಿಕೃಷ್ಣನಿಗೆ ಆ ಮಾತು ಹಿಡಿಸಲಿಲ್ಲ. ಕೆಟ್ಟಿದ್ದರೆ ಈ ಮೈದಾನದ ಅಳತೆ ಕೆಟ್ಟಿರಬೇಕು. ಸರ್ಜಾಪುರದ ದಾರಿಯಲ್ಲಿ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಬರುವಾಗಲೂ ಅವನು ಅದನ್ನೇ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಅವನು ಹಾಗೆ ನಂಬಲು ಕಾರಣವಿತ್ತು.

ಪಟ್ಟಂದೂರು ಅಗ್ರಹಾರದಲ್ಲಿ, ಐಟಿ ಪಾರ್ಕಿನ ಹಿಂಬದಿಗೆ, ಮುನಿಕೃಷ್ಣನ ಮನೆತನಕ್ಕೆ ಸೇರಿದ ಮೂರು ಬಾಡಿಗೆ ಕಟ್ಟಡಗಳೂ ಎರಡು ಷೆಡ್‌ಗಳೂ ಇವೆ. ಅವನ ಅಪ್ಪ ರಾಮಾಂಜಿನಪ್ಪ ಆ ನೆಲದಲ್ಲಿ ರಾಗಿಯನ್ನೂ ಆಮೇಲೆ ಗುಲಾಬಿಯನ್ನೂ ಬೆಳೆದವರು. ಮುನಿಕೃಷ್ಣನ ಕಾಲಕ್ಕೆ ಅಲ್ಲಿ ಬಾಡಿಗೆದಾರರು ಬೆಳೆದರು. ಊರಿನಲ್ಲಿ ಅವನಿಗೆ ಹೆಸರು ಹೋಗಿ ‘ಓನರ್’ ಎಂಬುದೇ ಉಳಿಯಿತು. ಕ್ಷೌರದಂಗಡಿಗೆ ಹೋದರೆ ಕೂತವನು ಎದ್ದು ಕುರ್ಚಿ ಬಿಡುತ್ತಿದ್ದ. ಬಾಡಿಗೆ ಕಟ್ಟಡದ ಹುಡುಗರ ಜೊತೆ ಷಟಲ್ ಆಡಿದರೆ, ಹದಿನೆಂಟರವರೆಗೆ ಹುಲಿಗಳಂತೆ ಆಡಿದವರಿಗೆ ಕೊನೆಯ ಮೂರು ಪಾಯಿಂಟಿನಲ್ಲಿ ಕಣ್ಣು ಮಂಜಾಗುತ್ತಿತ್ತು. ಗೆದ್ದೆನೋ, ಗೆಲ್ಲಿಸಿದರೋ ತಿಳಿಯದ ಗೆಲುವು. ನಲವತ್ತು ದಾಟಿದ ಮೇಲೆ ಅದು ಅವನಿಗೆ ಹಿಂಸೆಯಾಗತೊಡಗಿತ್ತು.

ಹೀಗಿರುವಾಗ ಮುಂದಿನ ಷೆಡ್‌ಗೆ ಶ್ರೀಕಾಂತ್ ಬಂದ. ಕಾರ್ಖಾನೆಯೊಂದರ ಕ್ವಾರ್ಟರ್ಸಿನಲ್ಲಿ ಬೆಳೆದು, ಅಲ್ಲೇ ಪಕ್ಕದ ಮೈದಾನದಲ್ಲಿ ಗಾಲ್ಫ್ ಕಲಿತವನು. ಷೆಡ್ಡನ್ನು ಹನ್ನೊಂದು ತಿಂಗಳ ಕರಾರಿಗೆ ಹಿಡಿದು, ಒಳಗೆ ನಾಲ್ಕು ಅಂಕಣ ಮಾಡಿ, ಒಂದೊಂದಕ್ಕೂ ದೊಡ್ಡ ಬಿಳಿ ಪರದೆ ಕಟ್ಟಿದ. ಚೆಂಡಿನ ಪಕ್ಕದಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ. ಅದೇ ಲಾಂಚ್ ಮಾನಿಟರ್. ಕೋಲು ಚೆಂಡಿಗೆ ತಾಗುವ ಗಳಿಗೆಯನ್ನು ಅದರ ಕ್ಯಾಮೆರಾ ಹಿಡಿಯುತ್ತದೆ. ಚೆಂಡು ಎಷ್ಟು ವೇಗದಲ್ಲಿ, ಯಾವ ಕೋನದಲ್ಲಿ, ಎಷ್ಟು ತಿರುಗುತ್ತಾ ಹೊರಟಿತು ಎಂಬುದನ್ನು ಅಳೆದು, ಪರದೆ ಅಡ್ಡ ಇಲ್ಲದಿದ್ದರೆ ಎಷ್ಟು ದೂರ ಹೋಗಿ ಬೀಳುತ್ತಿತ್ತು ಎಂದು ಹೇಳುತ್ತದೆ. ಚೆಂಡು ನಿಜವಾಗಿ ಹೋಗುವುದು ನಾಲ್ಕು ಮಾರು ಮಾತ್ರ. ಉಳಿದದ್ದು ಪೆಟ್ಟಿಗೆಯ ಮಾತು.

ಕುತೂಹಲಕ್ಕೆ ಒಂದು ದಿನ ಕೋಲು ಹಿಡಿದ ಮುನಿಕೃಷ್ಣನಿಗೆ ಅದು ಹುಚ್ಚು ಹಿಡಿಸಿತು. ಒಂದನೇ ಅಂಕಣ ಅವನದೇ ಆಯಿತು. ಶ್ರೀಕಾಂತನನ್ನು ‘ಗುರುಗಳೇ’ ಎಂದು ಕರೆಯತೊಡಗಿದ. ತಮಾಷೆಗೆ ಶುರುವಾದ ಆ ಕರೆ ಸ್ವಲ್ಪ ದಿನದಲ್ಲೇ ನಿಜವಾಯಿತು.

“ಯಾಕ್ ಇಷ್ಟ ಗೊತ್ತಾ ಗುರುಗಳೇ ಇದು?” ಎಂದು ಒಮ್ಮೆ ಪೆಟ್ಟಿಗೆ ತೋರಿಸಿ ಹೇಳಿದ್ದ. “ಈ ಊರಲ್ಲಿ ನಾನ್ಯಾರು ಅಂತ ಗೊತ್ತಿಲ್ದೇ ಇರೋದು ಇದೊಂದಕ್ಕೇ.”

ಶ್ರೀಕಾಂತ್ ಆಗ ಬಗ್ಗಿ ಪೆಟ್ಟಿಗೆಯ ಗಾಜು ಒರೆಸುತ್ತಿದ್ದ. ಒರೆಸುತ್ತಲೇ ಇದ್ದ.

ಬೇರೆ ಅಂಕಣಗಳ ಪರದೆಯಲ್ಲಿ ಏಳೆಂಟು ಸಂಖ್ಯೆ ಕಾಣುತ್ತಿದ್ದವು. ಮುನಿಕೃಷ್ಣನ ಪರದೆಯಲ್ಲಿ ದೂರ ಒಂದೇ. “ಅದೆಲ್ಲಾ ತಲೆ ಕೆಡಿಸುತ್ತೆ ಸಾರ್, ನಿಮಗೆ ಒಂದು ನಂಬರ್ ಸಾಕು” ಎಂದಿದ್ದ ಶ್ರೀಕಾಂತ್. ಆ ಒಂದು ಸಂಖ್ಯೆ ನೂರ ಮೂವತ್ತಾಯಿತು, ನೂರ ನಲವತ್ತಾಯಿತು. ನೂರೈವತ್ತಾದ ದಿನ ಮುನಿಕೃಷ್ಣ ಪರದೆಯ ಫೋಟೋ ತೆಗೆದು ವೈಟ್‌ಫೀಲ್ಡ್ ಗಾಲ್ಫ್ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಹೆಬ್ಬೆರಳುಗಳ ಸುರಿಮಳೆಯಾಗಿತ್ತು.

ಪರೀಕ್ಷೆಯ ಮಾತೆತ್ತಿದಾಗ ಮಾತ್ರ ಶ್ರೀಕಾಂತ್ ಹಿಂದೇಟು ಹಾಕಿದ್ದ. “ಇನ್ನೊಂದ್ ಆರು ತಿಂಗಳು ಹೋಗ್ಲಿ ಸಾರ್.” ಮುನಿಕೃಷ್ಣ ಕೇಳದಿದ್ದಾಗ, “ಹೊರಗಡೆ ಬೇರೆ ಥರ ಇರುತ್ತೆ, ಯಾವುದಕ್ಕೂ ಎರಡು ಸೈಜ್ ದೊಡ್ಡ ಕೋಲು ಹಿಡೀರಿ” ಎಂದ. ಶಿಷ್ಯ ಕೈತಪ್ಪಿ ಹೋಗುತ್ತಾನೆಂಬ ಗುರುವಿನ ಪ್ರೀತಿ ಅದು ಎಂದುಕೊಂಡಿದ್ದ ಮುನಿಕೃಷ್ಣ.

ಪರೀಕ್ಷೆಯ ಆ ಶನಿವಾರ ಅವನು ಕ್ಲಬ್ಬಿನಿಂದ ಸೀದಾ ಷೆಡ್‌ಗೆ ಬಂದಾಗ ಹನ್ನೊಂದೂವರೆ. ಬಾಗಿಲಲ್ಲಿ ಬಲೂನು ಕಟ್ಟಿದ್ದರು. ವಾರದ ಕೊನೆಯಲ್ಲಿ ಶ್ರೀಕಾಂತ್ ಮಕ್ಕಳ ಬರ್ತ್‌ಡೇ ಪಾರ್ಟಿಗೆ ಮೂರನೇ ಅಂಕಣ ಕೊಡುತ್ತಿದ್ದ. ಅವನು ಕಾಣಲಿಲ್ಲ, ಹೊರಗೆ ಯಾರದೋ ಕಾರಿಗೆ ಜಾಗ ಮಾಡಿಕೊಡುತ್ತಿದ್ದ.

ಮುನಿಕೃಷ್ಣ ತನ್ನ ಅಂಕಣದ ದೀಪ ಹಾಕಿ, ಶೂ ಕೂಡ ಬದಲಿಸದೆ, ಸೆವೆನ್ ಐರನ್ ಎತ್ತಿಕೊಂಡ. ಬೀಸಿದ. ಚೆಂಡು ಪರದೆಗೆ ಬಡಿಯಿತು.

ನೂರ ನಲವತ್ತೊಂಬತ್ತು.

ಇನ್ನೊಂದು. ನೂರೈವತ್ತೆರಡು.

ಎದೆಯ ಮೇಲಿಂದ ಮೂಟೆ ಇಳಿಸಿದಂತಾಯಿತು. ನೋಡಿದೆಯಾ! ಆ ಮೈದಾನದ್ದೇ ಏನೋ ಎಡವಟ್ಟು. ಮೂರನೆಯದಕ್ಕೆ ಕೋಲು ಎತ್ತುವಷ್ಟರಲ್ಲಿ ಹಿಂದಿನಿಂದ ಹೆಣ್ಣು ದನಿ ಕೇಳಿತು.

“ಅಣ್ಣ, ಒಂದ್ನಿಮಿಷ. ನಮ್ ಸ್ಕ್ರೀನ್‌ಗೂ ಅದನ್ನ ಹಾಕ್ಕೊಡ್ತೀರಾ?”

ಬರ್ತ್‌ಡೇ ಮಗುವಿನ ತಾಯಿ. ಕೈಯಲ್ಲಿ ಪೇಪರ್ ಟೋಪಿಗಳ ಕಟ್ಟು. ಅವನನ್ನು ಇಲ್ಲಿ ಕೆಲಸ ಮಾಡುವವನು ಎಂದುಕೊಂಡಿದ್ದಳು. ಅವನಿಗೆ ಅದರಿಂದ ಒಳಗೊಳಗೇ ಖುಷಿಯಾಯಿತು.

“ಯಾವ್ದನ್ನ ಹಾಕ್ಬೇಕಮ್ಮ?”

“ಅದೇ ಆ ರಾಕೆಟ್ಟು. ನಿಮ್ ಸ್ಕ್ರೀನ್ ಮೂಲೇಲಿದ್ಯಲ್ಲ.” ಅವಳು ಬೆರಳು ತೋರಿಸಿದಳು. ಮೇಲಿನ ಬಲ ಮೂಲೆಯಲ್ಲಿ, ಉಗುರಿನಷ್ಟು ಗಾತ್ರದ, ಕಿತ್ತಳೆ ಬಣ್ಣದ ರಾಕೆಟ್ ಚಿತ್ರ. “ಹೋದ್ಸಲ ನಮ್ ದೊಡ್ಡೋನ್ ಬರ್ತ್‌ಡೇಗೆ ಹಾಕಿದ್ರಿ. ಮಕ್ಕಳು ಮೆಲ್ಲಗೆ ಹೊಡೆದ್ರೂ ದೂರ ಹೋಗುತ್ತಲ್ಲ, ಬೂಸ್ಟೋ ಏನೋ ಅಂತೀರಲ್ಲ. ಈಗ ಅದಿಲ್ಲ, ಹುಡುಗ್ರು ಮೂತಿ ಉಬ್ಬಿಸ್ಕೊಂಡ್ ಕೂತಿದಾವೆ ನೋಡಿ.”

ಮುನಿಕೃಷ್ಣ ರಾಕೆಟ್ ನೋಡಿದ. ಈ ರಾಕೆಟ್ ಅವನಿಗೆ ಹೊಸದಲ್ಲ. ಮೊದಲಿನಿಂದಲೂ ಅಲ್ಲೇ ಇತ್ತು. ಯಂತ್ರ ಮಾಡಿದ ಕಂಪನಿಯ ಗುರುತು ಎಂದುಕೊಂಡಿದ್ದ. ಮೂರನೇ ಅಂಕಣದತ್ತ ಕತ್ತು ಹೊರಳಿಸಿದ. ಅದೇ ಪೆಟ್ಟಿಗೆ, ಅದೇ ಪರದೆ. ಮೂಲೆ ಖಾಲಿ.

“ಹಾಕಿಸ್ತೀನಮ್ಮ” ಎಂದ. ದನಿ ಅವನದೇ ಅನ್ನಿಸಲಿಲ್ಲ.

ಮೂಲೆಯ ಬೆಂಚಿನ ಮೇಲೆ ಕೂತು ಫೋನ್ ತೆಗೆದ. ಗುಂಪಿಗೆ ತಾನು ಹಾಕಿದ ಫೋಟೋಗಳನ್ನು ಒಂದೊಂದಾಗಿ ತೆರೆದ. ನೂರೈವತ್ತು, ಮೂಲೆಯಲ್ಲಿ ರಾಕೆಟ್. ನೂರೈವತ್ತಮೂರು, ರಾಕೆಟ್. ದಸರಾಕ್ಕೆ ಹಾಕಿದ್ದು, ರಾಕೆಟ್. ಕೆಳಗೆ ಹೆಬ್ಬೆರಳುಗಳು, ಚಪ್ಪಾಳೆಗಳು, ‘ಸಕ್ಕತ್ ಓನರ್ ಸಾರ್’, ‘ಬೆಂಕಿ’. ಒಬ್ಬ ಉತ್ಸಾಹಿ ಚಪ್ಪಾಳೆಯ ಪಕ್ಕದಲ್ಲಿ ಒಂದು ರಾಕೆಟ್ಟನ್ನೂ ಹಾಕಿದ್ದ. ಆಗ ಅದು ಹೊಗಳಿಕೆಯಂತೆ ಕಂಡಿತ್ತು. ಗುಂಪಿನ ಅರ್ಧಕ್ಕರ್ಧ ಮಂದಿ ಇದೇ ಷೆಡ್ಡಿನಲ್ಲಿ ಆಡುವವರು, ಮಕ್ಕಳ ಪಾರ್ಟಿ ಮಾಡಿದವರು. ಅವರಿಗೆಲ್ಲ ಈ ಚಿತ್ರದ ಅರ್ಥ ಗೊತ್ತು.

ಶ್ರೀಕಾಂತ್ ಒಳಗೆ ಬಂದ. ಮುನಿಕೃಷ್ಣನನ್ನು ಕಂಡವನೇ ನಗು ತಂದುಕೊಂಡ. “ಸಾರ್! ಬಂದ್ಬಿಟ್ರಾ? ಏನಾಯ್ತು, ಪಾಸಾ?”

“ಆ ಅಮ್ಮನಿಗೆ ರಾಕೆಟ್ ಬೇಕಂತೆ” ಎಂದ ಮುನಿಕೃಷ್ಣ. “ಹಾಕ್ಕೊಟ್ಟು ಬನ್ನಿ ಶ್ರೀಕಾಂತ್ ಅವ್ರೇ.”

ಗುರುಗಳೇ ಎನ್ನದೆ ಹೆಸರು ಹಿಡಿದು ಕರೆದದ್ದರಲ್ಲೇ ಶ್ರೀಕಾಂತನಿಗೆ ತಿಳಿಯಬೇಕಾದ್ದು ತಿಳಿಯಿತು. ಮೂರನೇ ಅಂಕಣಕ್ಕೆ ಹೋಗಿ ಎರಡು ಗುಂಡಿ ಒತ್ತಿದ. ಮಕ್ಕಳು ಹೋ ಎಂದರು. ಅವನು ವಾಪಸು ಬಂದು ನಿಂತ.

“ಈಗ ನಂದು ತೆಗೀರಿ.”

“ಸಾರ್, ನಾನು ಹೇಳೋದು ಒಂಚೂರು—”

“ತೆಗೀರಿ.”

ರಾಕೆಟ್ ಹೋಯಿತು. ಮುನಿಕೃಷ್ಣ ಎದ್ದು ಹೊಡೆದ. ನೂರ ಇಪ್ಪತ್ತೊಂದು. ಮತ್ತೆ ಹೊಡೆದ. ನೂರ ಇಪ್ಪತ್ತನಾಲ್ಕು. ಬೆಳಿಗ್ಗೆ ಕೊಳಕ್ಕೆ ಬಿದ್ದ ದೂರ ಅದೇ.

“ಉಳಿದ ನಂಬರ್‌ಗಳೂ ಬರ್ಲಿ. ಎಲ್ಲರಿಗೂ ಬರೋವು.”

ಶ್ರೀಕಾಂತ್ ಎಲ್ಲವನ್ನೂ ತೆರೆದ. ಪರದೆಯ ಅಂಚಿಗೆ ಎಂಟು ಸಂಖ್ಯೆಗಳು ಸಾಲಾಗಿ ನಿಂತವು. ಮುನಿಕೃಷ್ಣನಿಗೆ ಅವುಗಳಲ್ಲಿ ಒಂದೂ ಅರ್ಥವಾಗಲಿಲ್ಲ.

“ಹೇಳಿ. ಎಲ್ಲಿ ತಪ್ಪು ನಂದು?”

ಪಾಠ ಮಾಡುವುದು ಶ್ರೀಕಾಂತನಿಗೆ ಬರುವ ವಿದ್ಯೆ; ಕೇಳಿದ ಕೂಡಲೇ ಬಾಯಿ ತಾನಾಗಿ ತೆರೆಯಿತು. “ನಿಮ್ ಕೋಲಿನ ವೇಗ ಚೆನ್ನಾಗಿದೆ ಸಾರ್. ಇಷ್ಟು ವೇಗಕ್ಕೆ ನಿಜವಾಗ್ಲೂ ನೂರ ನಲವತ್ತು ಬರ್ಬೇಕು. ತಪ್ಪಿರೋದು ಇಲ್ಲಿ. ಇದು ಕೋಲು ಚೆಂಡಿಗೆ ಬರೋ ಕೋನ. ಐರನ್‌ನಲ್ಲಿ ಮೇಲಿಂದ ಕೆಳಗಿಳೀತಾ ತಾಗ್ಬೇಕು, ಮೈನಸ್ ಮೂರು, ನಾಲ್ಕು ಹಂಗೆ. ನಿಮ್ದು ಪ್ಲಸ್ ಎರಡು. ಚೆಂಡನ್ನ ನೀವೇ ಎತ್ತೋಕ್ ಹೋಗ್ತೀರ, ಸೌಟಿನಲ್ಲಿ ಸಾರು ಎತ್ತೋ ಥರ. ಅದು ಮೇಲಕ್ಕೆ ಹೋಗುತ್ತೆ, ಮುಂದಕ್ಕೆ ಹೋಗಲ್ಲ. ಮೊದಲನೇ ದಿನದಿಂದಲೂ ಹಂಗೇ ಇದೆ.”

“ಮೊದಲನೇ ದಿನದಿಂದಲೂ?”

ಮೂರನೇ ಅಂಕಣದಲ್ಲಿ ಮಗುವೊಂದು ನೂರು ಗಜ ದಾಟಿಸಿ ಕುಣಿಯುತ್ತಿತ್ತು.

“ಸರಿ ಮಾಡೋಕೆ ಎಷ್ಟ್ ದಿನ ಬೇಕಿತ್ತು?”

“ಮೂರು ತಿಂಗಳು. ನೀವು ಮಾಡೋ ಪ್ರಾಕ್ಟೀಸ್‌ಗೆ ಇನ್ನೂ ಬೇಗ.”

ಮುನಿಕೃಷ್ಣ ಕೋಲನ್ನು ಚೀಲಕ್ಕೆ ಇಳಿಸಿದ. ಅವನ ಅಂಗೈಯಲ್ಲಿ ಎರಡು ವರ್ಷದ ಗಟ್ಟಿ ಗಂಟುಗಳಿದ್ದವು. ಬೆಳಿಗ್ಗೆ ಐದೂವರೆಗೆ ಎದ್ದು, ಹಬ್ಬವೆನ್ನದೆ ಹುಣ್ಣಿಮೆಯೆನ್ನದೆ ಬಂದು, ಆ ತಪ್ಪನ್ನೇ ಸಾವಿರ ಸಾವಿರ ಸಲ ಹೊಡೆದು ಹೊಡೆದು ಮೈಗೆ ಅಂಟಿಸಿಕೊಂಡಿದ್ದ. ಎದುರಿಗೆ ನಿಂತವನು ಅದನ್ನು ದಿನವೂ ನೋಡುತ್ತಿದ್ದ. ನೋಡಿ, “ಸೂಪರ್ ಸಾರ್” ಎನ್ನುತ್ತಿದ್ದ.

“ನಾನು ಕಲಿಸಿ ಅಂತ ಬಂದಿದ್ದೆ” ಎಂದ. “ಖುಷಿ ಪಡಿಸಿ ಅಂತ ಕೇಳಿದ್ನಾ?”

“ಸಾರ್, ನಿಜ ತೋರಿಸಿದ್ದೆ ನಿಮಗೆ. ಮೊದಲ್ನೇ ವಾರ.” ಶ್ರೀಕಾಂತನ ದನಿಯಲ್ಲಿ ಈಗ ಹೆದರಿಕೆಯ ಜೊತೆಗೆ ಬೇರೇನೋ ಇತ್ತು, ಬಹಳ ದಿನ ಅದುಮಿಟ್ಟದ್ದು. “ನೂರ ಹನ್ನೆರಡು ಬಂತು. ಮಷೀನ್ ಸರಿ ಇಲ್ಲ ಅಂದ್ರಿ, ಕೋಲು ಬಿಸಾಕಿ ಹೋದ್ರಿ. ಜ್ಞಾಪಕ ಇದೆಯಾ? ಮಾರನೇ ದಿನ ಬೆಳಿಗ್ಗೆ ನಿಮ್ ತಂದೆಯವರು ಇಬ್ಬರನ್ನ ಕರ್ಕೊಂಡ್ ಬಂದ್ರು. ಕೊರಿಯರ್ ಕಂಪನಿಯವರು. ಟೇಪ್ ಹಿಡಿದು ಷೆಡ್ ಅಳೆದ್ರು. ನಾನು ಸಾಲ ಮಾಡಿ ನಾಲ್ಕು ಮಷೀನ್ ಇಳಿಸಿ ಇನ್ನೂ ಎಂಟು ದಿನ ಆಗಿರ್ಲಿಲ್ಲ. ನಾನ್ ಏನ್ ಅಂದ್ಕೋಬೇಕು ಸಾರ್?”

ಮುನಿಕೃಷ್ಣ ಅವನ ಮುಖವನ್ನೇ ನೋಡಿದ. “ಕೊರಿಯರ್‌ನೋರು ಬಂದಿದ್ದು ಹಿಂದಿನ ಷೆಡ್‌ಗೆ. ಈಗ ಅಲ್ಲಿ ಇದ್ದಾರಲ್ಲ, ಅವರೇ. ನಿಮ್ದಕ್ಕಲ್ಲ.”

“ಇಲ್ಲೂ ಅಳೆದ್ರು ಸಾರ್. ನಾನ್ ಇಲ್ಲೇ ನಿಂತಿದ್ದೆ. ಆ ಸಾಯಂಕಾಲನೇ ನಿಮ್ ಮಷೀನ್‌ಗೆ ರಾಕೆಟ್ ಹಾಕಿದ್ದು. ಒಂದ್ ವಾರಕ್ಕೆ ಅಂತ ಹಾಕಿದ್ದೆ. ಆಮೇಲೆ ತೆಗೆಯೋದ್ ಹೆಂಗೆ? ನೂರ ಮೂವತ್ತು ಹೊಡೆಯೋರು ಒಂದೇ ದಿನಕ್ಕೆ ನೂರ ಹತ್ತಕ್ಕೆ ಬಂದ್ರೆ ಏನಂತ ಹೇಳ್ಲಿ?”

“ನಿಜ ಹೇಳ್ಬೇಕಿತ್ತು.”

“ಓನರ್‌ಗಾ?” ಎಂದ ಶ್ರೀಕಾಂತ್. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ತಿಂಗಳ ಕೊನೆಗೆ ಎರಡನೇ ಕರಾರು ಮುಗಿಯುವುದಿತ್ತು. ಇಬ್ಬರಿಗೂ ಅದು ಗೊತ್ತಿತ್ತು. ಇಬ್ಬರೂ ಅದರ ಹೆಸರೆತ್ತಲಿಲ್ಲ. ಮುನಿಕೃಷ್ಣ ಚೀಲ ಹೆಗಲಿಗೇರಿಸಿ ಹೊರಟ. ಬಾಗಿಲಲ್ಲಿ ಆ ತಾಯಿ, “ಥ್ಯಾಂಕ್ಸ್ ಅಣ್ಣ, ಕೇಕ್ ತಿಂದು ಹೋಗಿ” ಎಂದಳು.

ಮನೆಯಲ್ಲಿ ಊಟದ ಹೊತ್ತು. ರಾಮಾಂಜಿನಪ್ಪ ಜಗಲಿಯ ಮೇಲೆ ಮುದ್ದೆ ಮುರಿಯುತ್ತಿದ್ದರು. ಪಕ್ಕದಲ್ಲಿ ಮೊಮ್ಮಗಳು ದೀಪಶ್ರೀ, ಮುನಿಕೃಷ್ಣನ ಒಬ್ಬಳೇ ಮಗಳು, ಡಿಗ್ರಿಯ ಕೊನೆಯ ವರ್ಷದವಳು. ಭಾನುವಾರಗಳಲ್ಲಿ ಅವಳೂ ಷೆಡ್ಡಿಗೆ ಹೋಗಿ ಆಡುತ್ತಿದ್ದಳು.

“ಏನ್ಲಾ, ಓದ ಕೆಲ್ಸ ಏನಾಯ್ತು?” ಮುದುಕರು ಕೇಳಿದರು. “ಆ ದೊಣ್ಣೆ ಸಂಘಕ್ಕೆ ಸೇರುಸ್ಕಂಡ್ರಾ?”

“ಇಲ್ಲ.” ಮುನಿಕೃಷ್ಣ ಚೀಲವನ್ನು ಗೋಡೆಗೆ ಒರಗಿಸಿದ. “ಅಪ್ಪ, ಕೊರಿಯರ್‌ನೋರು ಮೊದಲ್ನೇ ಸಲ ಬಂದಾಗ ಮುಂದಿನ ಷೆಡ್ಡೂ ಅಳೆದ್ರಾ?”

“ಊಂ. ಅಳೆದ್ವಿ.”

“ಯಾಕೆ? ಅದಕ್ಕಾಗ್ಲೇ ಆ ಹುಡುಗ ಬಂದಿದ್ದ.”

“ಬಂದಿದ್ರೇನು? ನಮ್ದಲ್ವಾ ಷೆಡ್ಡು? ಟೇಪು ಕೈಯಾಗಿತ್ತು, ಅಳೆದ್ವಿ. ಎಷ್ಟೈತೆ ಅಂತ ಗೊತ್ತಿದ್ರೆ ಒಳ್ಳೇದಲ್ವಾ?” ರಾಮಾಂಜಿನಪ್ಪ ಸಾರಿಗೆ ಮುದ್ದೆ ಅದ್ದಿದರು. “ಯಾಕ್ಲಾ, ಈಗೇನು?”

ಮುನಿಕೃಷ್ಣ ಕೂತ. ಬೆಳಗಿನಿಂದ ನಡೆದದ್ದನ್ನು ಹೇಳಿದ. ಕೊಳ, ರಾಕೆಟ್, ಟೇಪು. ಮುದುಕರು ತುತ್ತು ನುಂಗುತ್ತಾ ಕೇಳಿ, ಕೊನೆಗೆ ನಕ್ಕೇಬಿಟ್ಟರು.

“ಓನರ್ ಅಂದ್ರೆ ಇಂಗೇ ಕಣ್ಲಾ! ನಾವು ಸಣ್ಣೋರಿದ್ದಾಗ ಗೌಡ್ರ ಎತ್ತು ಕುಂಟಿದ್ರೂ, ‘ಏನ್ ನಡಿಗೆ ಬುದ್ಧೀ’ ಅಂತಿದ್ವಿ. ಆ ಎತ್ತು ಒಂದಿನ ಗಾಡೀನೇ ಒಳ್ಳಕ್ಕೆ ಕೆಡವ್ತು. ಗೌಡ್ರು ನಮ್ಮುನ್ ಬೈಲಿಲ್ಲ, ಎತ್ತುನ್ನ ಬೈದ್ರು.”

“ನಗೋ ವಿಷಯ ಅಲ್ಲಪ್ಪ.”

“ಅಳೋ ವಿಷಯಾನಾ ಮತ್ತೆ?”

ದೀಪಶ್ರೀ ನಗಲಿಲ್ಲ. ತಟ್ಟೆಯಲ್ಲಿ ಅನ್ನವನ್ನು ಬೆರಳಿನಿಂದ ಆಚೀಚೆ ಸರಿಸುತ್ತಿದ್ದಳು. ಅದನ್ನು ನೋಡಿದ ಮುನಿಕೃಷ್ಣನಿಗೆ, ಕೇಳಬಾರದೆಂದು ಒಳಗೆ ಯಾರೋ ತಡೆದರೂ ಬಾಯಿಗೆ ಬಂದುಬಿಟ್ಟಿತು.

“ನಿಂಗೂ ಗೊತ್ತಿತ್ತಾ?”

ಅವಳು ತಲೆ ಎತ್ತಲಿಲ್ಲ. “ಗೊತ್ತಿತ್ತು ಅಪ್ಪ.”

“ಯಾವಾಗಿಂದ?”

“ಗ್ರೂಪಿಗೆ ಫೋಟೋ ಹಾಕಿದ್ರಲ್ಲ, ಅವತ್ತಿಂದ.”

“ನೀನೂ ಚಪ್ಪಾಳೆ ಹಾಕಿದ್ದೆ ಅವತ್ತು.”

“ಮತ್ತೇನ್ ಹಾಕ್ಲಿ?” ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಸಿಟ್ಟಿತ್ತು. “ನೂರೈವತ್ತು ಬಂದ ದಿನ ನೀವು ಮನೆಗೆ ಬಂದು ಎಲ್ರ ಜೊತೆ ಮಾತಾಡ್ತಿದ್ರಿ. ಅಮ್ಮನಿಗೆ ಕಾಫಿ ಚೆನ್ನಾಗಿದೆ ಅಂತಿದ್ರಿ. ಅದಕ್ಕೂ ಮುಂಚೆ ಹೆಂಗಿದ್ರಿ ನೀವು? ಬಾಡಿಗೆ, ಬೋರ್‌ವೆಲ್ಲು, ನೀರಿನ ಟ್ಯಾಂಕರು, ಅಷ್ಟೇ. ನಾನೇ ಹೋಗಿ ‘ಅಪ್ಪ ಅದು ಮಕ್ಕಳಾಟ’ ಅಂತ ಹೇಳ್ಬೇಕಿತ್ತಾ? ಹೋದ ವಾರ ಹೇಳಿದ್ನಲ್ಲ, ಒಂದ್ಸಲ ಹೊರಗಡೆ ಹೊಡೆದು ನೋಡಿ ಅಂತ. ಕೇಳಿದ್ರಾ?”

ಹೇಳಿದ್ದು ನಿಜ. ಕೇಳಿರಲಿಲ್ಲ. ಅವನಿಗೆ ಆಗಲೇ ಗೊತ್ತಿತ್ತಲ್ಲ, ನೂರೈವತ್ತು ಎಂದು.

ಶ್ರೀಕಾಂತನದು ಹೆದರಿಕೆ. ಅದನ್ನು ಅರ್ಥ ಮಾಡಿಕೊಳ್ಳಬಹುದಿತ್ತು, ಸಿಟ್ಟೂ ಮಾಡಬಹುದಿತ್ತು. ಮಗಳದ್ದನ್ನು ಏನೆಂದು ಕರೆಯಬೇಕೋ ಮುನಿಕೃಷ್ಣನಿಗೆ ತಿಳಿಯಲಿಲ್ಲ. ಊರವರೆಲ್ಲ ಓನರ್ ಎಂದು ಸುಳ್ಳು ಹೇಳಿದರು. ಮಗಳು ಅಪ್ಪ ಎಂದು ಹೇಳಿದಳು. ಎರಡರಿಂದಲೂ ಅವನಿಗೆ ಸಿಕ್ಕಿದ್ದು ಒಂದೇ ಸಂಖ್ಯೆ. ಹೆಂಡತಿ ತಟ್ಟೆ ತಂದಿಟ್ಟಳು. ಅವನು ಅರ್ಧ ಮುದ್ದೆ ಉಂಡು, ಕೈ ತೊಳೆದು, ಮಲಗುವ ಕೋಣೆಗೆ ಹೋದ. ಸಂಜೆ ನಾಲ್ಕಕ್ಕೆ ವಾಟ್ಸಾಪ್ ಗುಂಪಿನಲ್ಲಿ ಯಾರೋ ‘ಓನರ್ ಸಾರ್, ಟೆಸ್ಟ್ ಏನಾಯ್ತು?’ ಎಂದು ಕೇಳಿದರು. ‘ಫೇಲ್. ಅರವತ್ತಾರು’ ಎಂದು ಬರೆದ. ಆಮೇಲೆ ಒಬ್ಬ, ‘ಆ ಕೋರ್ಸೇ ಸರಿ ಇಲ್ಲ ಸಾರ್’ ಎಂದ. ಅದಕ್ಕೆ ಹನ್ನೆರಡು ಹೆಬ್ಬೆರಳು ಬಿದ್ದವು.

ಮುನಿಕೃಷ್ಣ ಗುಂಪು ಬಿಟ್ಟ.

ಷೆಡ್ ಖಾಲಿ ಮಾಡಿಸುತ್ತಾನೆಂದು ಊರಲ್ಲಿ ಎರಡು ವಾರ ಮಾತಾಯಿತು. ಕೊರಿಯರ್ ಕಂಪನಿಯವರು ಆಗಲೇ ಬಂದು, “ಮುಂದಿನದೂ ನಮಗೇ ಕೊಡಿ ಸಾರ್” ಎಂದು ಕೇಳಿ ಹೋದರು. ರಾಮಾಂಜಿನಪ್ಪನವರಿಗೂ ಅದೇ ಸರಿ ಅನ್ನಿಸಿತ್ತು. ಮುನಿಕೃಷ್ಣ ಯಾರಿಗೂ ಉತ್ತರ ಕೊಡಲಿಲ್ಲ. ಬೆಳಿಗ್ಗೆ ಐದೂವರೆಗೆ ಎಚ್ಚರವಾಗುತ್ತಿತ್ತು. ಎದ್ದು ಮಹಡಿಯ ಮೇಲೆ ನಿಂತು ಷೆಡ್ಡಿನ ತಗಡಿನ ಮಾಡು ನೋಡುತ್ತಿದ್ದ. ಶ್ರೀಕಾಂತನನ್ನು ಓಡಿಸುವುದು ಸುಲಭ. ಓಡಿಸಿದರೆ ಅವನು ಹೆದರಿದ್ದೇ ಸರಿ ಎಂದಾಗುತ್ತದೆ. ಓನರ್‌ಗೆ ನಿಜ ಹೇಳಿದವನಿಗೆ ಹೀಗೇ ಆಗುತ್ತದೆ ಎಂದು ಇಡೀ ಅಗ್ರಹಾರ ಇನ್ನೊಂದು ತಲೆಮಾರಿಗೆ ಪಾಠ ಕಲಿಯುತ್ತದೆ.

ತಿಂಗಳ ಕೊನೆಯ ದಿನ ಶ್ರೀಕಾಂತ್ ಕರಾರಿನ ಕಾಗದ ಹಿಡಿದು ಮನೆಗೆ ಬಂದ. ಜಗಲಿಯ ಅಂಚಿನಲ್ಲಿ ನಿಂತ, ಕೂರಲಿಲ್ಲ.

“ಸಾರ್, ನೀವು ಬಂದ್ರೆ ಮೊದಲಿಂದ ಕಲಿಸ್ತೀನಿ. ನಿಜವಾಗ್ಲೂ. ಎಂಟೂ ನಂಬರ್ ತೆರೆದಿಟ್ಟೇ ಕಲಿಸ್ತೀನಿ.”

ಮುನಿಕೃಷ್ಣ ಕಾಗದ ಓದಿದ, ಸಹಿ ಮಾಡಿದ, ವಾಪಸು ಕೊಟ್ಟ. “ನೀವು ಎಂಟು ತೋರಿಸಿದ್ರೂ ನನಗೆ ಒಂದ್ರ ಮೇಲೂ ನಂಬಿಕೆ ಬರಲ್ಲ ಶ್ರೀಕಾಂತ್ ಅವ್ರೇ” ಎಂದ. ಕಾಫಿ ಕುಡಿದು ಹೋಗುವಂತೆ ಹೇಳಿ ಒಳಗೆ ಹೋದ.

ಮರುವಾರ ಅವನು ಕಾರು ಬಿಟ್ಟು, ಪಟ್ಟಂದೂರು ಅಗ್ರಹಾರದಲ್ಲಿ ಮೆಟ್ರೋ ಹತ್ತಿದ. ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ನಾಗಸಂದ್ರದಲ್ಲಿ ಇಳಿದ. ಪೀಣ್ಯದ ಕಡೆ ಹೋಗುವ ರಸ್ತೆಯಲ್ಲಿ, ಮುಚ್ಚಿಹೋದ ಕಾರ್ಖಾನೆಯೊಂದರ ಬಯಲಲ್ಲಿ ಹೊರಗಡೆಯೇ ಹೊಡೆಯುವ ಮೈದಾನವಿತ್ತು. ಕಲಿಸುವವರು ಭರಮಪ್ಪ ಎಂಬ ಅರವತ್ತರ ಮನುಷ್ಯ. ಹೆಸರೇನು ಎಂದು ಕೇಳಿದರು. ಕೃಷ್ಣ ಎಂದ. ಏನ್ ಮಾಡ್ಕೊಂಡಿದೀರಿ ಎಂದರು. ಹೀಗೇ ಸಣ್ಣಪುಟ್ಟ ಕೆಲಸ ಎಂದ.

ಭರಮಪ್ಪ ಚೆಂಡಿನ ಪಕ್ಕ ಪೆಟ್ಟಿಗೆ ಇಟ್ಟು ಹೊಡೆಯಲು ಹೇಳಿದರು. ಮೊದಲನೇ ಚೆಂಡು ನೂರ ಹದಿನೆಂಟು ಗಜಕ್ಕೆ ಬಿತ್ತು. ಪೆಟ್ಟಿಗೆಯೂ ನೂರ ಹದಿನೆಂಟು ಎಂದಿತು. ಇನ್ನೂ ನಾಲ್ಕು ಹೊಡೆಸಿ, ಕೋಲನ್ನು ಅವನ ಕೈಯಿಂದ ತೆಗೆದುಕೊಂಡು, “ಯಾರ್ರೀ ನಿಮಗೆ ಕಲ್ಸಿದ್ದು?” ಎಂದು ಕೇಳಿದರು. ಹಿಡಿತವೂ ತಪ್ಪು, ಇಳಿಕೆಯೂ ತಪ್ಪು, ಅದು ಸರಿಯಾಗುವವರೆಗೆ ಚೆಂಡು ಮುಟ್ಟುವಂತಿಲ್ಲ ಎಂದರು.

ಆ ವಾರವಿಡೀ ಮುನಿಕೃಷ್ಣ ಚೆಂಡಿಲ್ಲದೆ ಕೋಲು ಬೀಸಿದ.